ಎಳೆಯಲು ಜಾಗ

ಮೂಡಿಗೆರೆಯ ಹ್ಯಾಂಡ್‌ಪೋಸ್ಟಿನಾಚೆ
ಪಂಕ್ಚರ್ ಅಂಗಡಿಗೆ ಆತುಕೊಂಡ ಶೆಡ್ಡಿನಲ್ಲಿ
ಬೋನಿ ಮೇಸ್ತ್ರಿ ನನ್ನ ಜೀಪಿನ ಬಂಪರು ಬಿಚ್ಚಿ
ನೆಲಕ್ಕಿಟ್ಟು ಕಾಲಲ್ಲಿ ತಳ್ಳಿದ:
"ಇದು ಮುಖಕ್ಕೆ ಹಚ್ಚೋ ಪೌಡರು.
ಇದನ್ನ ಹಿಡಿದು ಗಾಡಿ ಎಳೆಯೋಕಾಗಲ್ಲ."

ಬಂಪರಿನ ಒಂದು ಕಡೆ ಕೊಕ್ಕೆ ಇದೆ,
ಇನ್ನೊಂದು ಕಡೆ ಕೊಕ್ಕೆ ಇದ್ದ ಗುರುತು,
ಹಲ್ಲು ಕಿತ್ತ ವಸಡಿನ ಹಾಗೆ.
ಅದರ ಬಗ್ಗೆ ಅವನು ಕೇಳಲಿಲ್ಲ.
ಕೇಳಲು ಏನಿತ್ತು?

ಒಂದೇ ಕಣ್ಣಲ್ಲಿ ಅಳತೆ ತೆಗೆದ.
ಚಾಸಿಯ ಎರಡು ಕೊಂಬಿಗೂ ಸೀಮೆಸುಣ್ಣದ ಚುಕ್ಕೆ,
ಪಂಚಿನ ಮೇಲೆ ಸುತ್ತಿಗೆ, ಆಮೇಲೆ ಡ್ರಿಲ್ಲು.
ಕಬ್ಬಿಣದ ಸುರುಳಿ ಬಿಸಿಬಿಸಿಯಾಗಿ
ಮುರಿದ ಚಕ್ಕುಲಿಯಂತೆ ಉದುರಿತು
ಸಂಶೀರನ ಹವಾಯಿ ಚಪ್ಪಲಿಯ ಮೇಲೆ.
"ಕಾಲು ತೆಗಿಯೋ. ನೀರು ಹೊಯ್ಯಿ. ನಿಧಾನ."

ಚಾಸಿಗೂ ಹೊಟ್ಟೆ ಟೊಳ್ಳು ಎಂದು ತೋರಿಸಿದ.
ಬರಿದೇ ಬೋಲ್ಟು ಬಿಗಿದರೆ ಒಳಕ್ಕೆ ಕುಸಿಯುತ್ತದೆ,
ಅದಕ್ಕೇ ಒಳಗೊಂದು ಪೈಪಿನ ತುಂಡು,
ಹಿಂದೆ ಅಂಗೈಯಗಲದ ದಪ್ಪ ಪಟ್ಟಿ,
ತಲೆಯ ಮೇಲೆ ಹತ್ತು ಪಾಯಿಂಟ್ ಒಂಬತ್ತು ಎಂದು ಬರೆಸಿಕೊಂಡ ಬೋಲ್ಟು,
ಹಾಸನದಿಂದ ಬಸ್ಸಿನ ಡ್ರೈವರ್ ಕೈಲಿ ತರಿಸಿದ್ದು.
"ವೆಲ್ಡ್ ಮಾಡಿಬಿಡು, ಬೇಗ ಆಗುತ್ತೆ"
ಎಂದುಬಿಟ್ಟೆ ಬಾಯಿ ತಪ್ಪಿ.

ಡ್ರಿಲ್ಲು ನಿಂತಿತು.
ನನ್ನನ್ನು ನೋಡಲು ಅವನು ಇಡೀ ಕತ್ತು ಹೊರಳಿಸಬೇಕು.
ಎಡಗಡೆ ನಿಂತವರು ಅವನ ಪಾಲಿಗೆ ಬರೀ ದನಿ.
"ಹಿಂದಿನದ್ದು ವೆಲ್ಡೇ ಅಲ್ವಾ?"

ಅವತ್ತು ದೇವರಮನೆಯ ಏರು.
ಎಲ್ಲರೂ ಹತ್ತಿದರು, ನನ್ನದೊಂದೇ ಕೆಸರಲ್ಲಿ ಕೂತಿತು.
ಅವನ ತಮ್ಮ ಎಳೆಯುವ ಜೀಪಿನಲ್ಲಿ,
ಅವನು ಕೆಳಗೆ, ಮೊಣಕಾಲುದ್ದ ಕೆಸರಲ್ಲಿ.
"ಎಲ್ಲಿಗೆ ಕಟ್ಟಲಿ?" ಎಂದು ಕೂಗಿದ.
"ಮುಂದಿನ ಕೊಕ್ಕೆಗೆ" ಎಂದೆ
ಸೀಟಿನಿಂದ ಇಳಿಯದೆ.

ಕಾರ್ಖಾನೆಯಿಂದ ಲಾರಿಯಲ್ಲಿ ಬರುವಾಗ
ಅಲುಗದಿರಲೆಂದು ಹಗ್ಗ ಬಿಗಿಯುವ ಕೊಕ್ಕೆ ಅದು.
ನಿಂತ ಗಾಡಿಯನ್ನು ನಿಲ್ಲಿಸಿಡಲು ಸಾಕು.
ನನಗೆ ಗೊತ್ತಿತ್ತಾ?
ಯಾರೋ ಒಮ್ಮೆ ಹೇಳಿದ್ದರು. ನಾನು ಚಹಾ ಕುಡಿಯುತ್ತಿದ್ದೆ.

ಹಗ್ಗ ಸೆಟೆದುಕೊಂಡಿತು.
ಕೊಕ್ಕೆ ಹೋದ ದಾರಿಯನ್ನು ಯಾರೂ ಕಾಣಲಿಲ್ಲ,
ತಲುಪಿದ್ದನ್ನು ಎಲ್ಲರೂ ಕಂಡೆವು.

ಈಗ ಎರಡು ಕಿವಿ ಕೂತಿವೆ ಜೀಪಿನ ಮೂತಿಗೆ,
ಹೆಬ್ಬೆರಳು ದಪ್ಪ, ಕೆಂಪು ಬಣ್ಣ.
ಒಂದೇ ಸಾಲದೇ ಎಂದರೆ
"ಒಂದನ್ನೇ ಜಗ್ಗಿದ್ರೆ ಚಾಸಿ ಸೊಟ್ಟಗಾಗುತ್ತೆ,
ಇಬ್ರೂ ಹೊರಬೇಕು."

ಹತ್ತೊಂಬತ್ತು ವರ್ಷ ಓಡಿಸಿದ್ದೇನೆ
ಸಿಕ್ಕಿಬೀಳುವವನು ನಾನಲ್ಲ ಎಂದುಕೊಂಡು.
ಇದನ್ನು ಹಾಕಿಸುವುದೆಂದರೆ
ಹೂತುಹೋಗುತ್ತೇನೆ, ಯಾರಾದರೂ ಬನ್ನಿ, ಇಲ್ಲಿ ಹಿಡಿಯಿರಿ
ಎಂದು ಮುಂಚೆಯೇ ಬರೆದುಕೊಟ್ಟ ಹಾಗೆ.

ಸಂಜೆ ಪರೀಕ್ಷೆ.
ಸಿಲ್ವರ್ ದಿಮ್ಮಿ ತುಂಬಿದ ಲಾರಿ ಆ ತುದಿಗೆ,
ಚಕ್ರಕ್ಕೆ ಕಲ್ಲು ಕೊಟ್ಟ ಜೀಪು ಈ ತುದಿಗೆ.
ಎರಡು ಕಿವಿಗೂ ಶಕಲ್ಲು,
ಪಿನ್ನು ಪೂರ್ತಿ ಬಿಗಿದು ಕಾಲು ಸುತ್ತು ಸಡಿಲ.
ಸಂಶೀರ ಕಾಫಿ ಚೀಲವೊಂದನ್ನು ನೀರಲ್ಲಿ ಅದ್ದಿ ತಂದು
ಹಗ್ಗದ ನಡುವಿಗೆ ಹೊದಿಸಿದ,
ಜ್ವರ ಬಂದ ಹಣೆಗೆ ಬಟ್ಟೆ ಹಾಕಿದಂತೆ.
ಚಹಾದಂಗಡಿಯವರನ್ನೂ ರಸ್ತೆಯಾಚೆ ಅಟ್ಟಿ
ಬೋನಿ ನನ್ನ ರಟ್ಟೆ ಹಿಡಿದ.

ದೂರ ಸರಿಸುತ್ತಾನೆ ಎಂದುಕೊಂಡೆ.
ತನ್ನ ಎಡಕ್ಕೆ ಎಳೆದು ನಿಲ್ಲಿಸಿಕೊಂಡ:
"ಈ ಕಡೆದು ನೀವು ನೋಡಿ."

ಲಾರಿ ಹೂಂಕರಿಸಿತು. ಹಗ್ಗ ತೆಳ್ಳಗಾಯಿತು.
ಚೀಲದಿಂದ ನೀರು ಹಿಂಡಿ ಹನಿಹನಿ.
ಚಾಸಿ ಒಮ್ಮೆ ಮುಲುಕಿ ಸುಮ್ಮನಾಯಿತು.
ನಾನು ಕಣ್ಣು ಪಿಳುಕಿಸಲಿಲ್ಲ.

ಎವ್ಲಿನ್ ಬಾಯಿ ಬಿಲ್ಲು ಬರೆದಳು.
ಬೋಲ್ಟು ಎಂಟು, ಪಟ್ಟಿ, ಪೈಪು, ಬಣ್ಣ, ಕೂಲಿ.
ಒಂದು ರೂಪಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ.
ಕೊನೆಗೆ, ಗೋಣಿಚೀಲ ಒಂದು, ಇಪ್ಪತ್ತು.

ಮನೆವರೆಗೂ ಬಾನೆಟ್ಟಿನ ಮೇಲೆ ಒಣಗುತ್ತ ಬಂತು.